ಯಾವೂರು, ಯಾರ ಪೈಕಿ

ಆ ದೇಶದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳ ಹೆಸರನ್ನೂ ಬರೆಯುವುದಿಲ್ಲ, ಅವಳ ಊರಿನದಂತೂ ಇಲ್ಲವೇ ಇಲ್ಲ. ಒಮ್ಮೆ ಹೇಳಿ ಅನುಭವಿಸಿದ್ದು ಸಾಕು. ನಡುವೆ ದೊಡ್ಡ ಹೊಳೆಯೊಂದು ಹರಿಯುವ ದೇಶ ಅದು, ನನ್ನ ಮಗಳಿಗಿಂತ ವಯಸ್ಸಿನಲ್ಲಿ ಚಿಕ್ಕದು. ಬಾವುಟ ಏರಿಸಿದ ಹುಮ್ಮಸ್ಸು ಇಳಿಯುವುದರೊಳಗೆ ಅವರು ತಮ್ಮತಮ್ಮಲ್ಲೇ ಬಂದೂಕು ಹಿಡಿದಿದ್ದರು. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನಾನು ಧಾರವಾಡದ ಕಡೆಯವಳು. ಪರದೇಶಕ್ಕೆ, ಈ ಗ್ರೀನ್‌ಫರ್ಡಿಗೆ ಬಂದು ಇಪ್ಪತ್ತು ವರ್ಷವಾದರೂ ನನ್ನ ಬಾಯಿ ಇನ್ನೂ ಅಲ್ಲೇ ಇದೆ. ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ಕೇಳುವುದು ಹೆಸರಲ್ಲ. "ಯಾವೂರ್ರೀ ನಿಮ್ದು?" ಅನ್ನುತ್ತೇವೆ. ಊರು ಗೊತ್ತಾದ ಮೇಲೆ "ಅಲ್ಲೆ ಯಾರ ಪೈಕಿ?" ಅನ್ನುತ್ತೇವೆ. ಮನೆತನದ ಅಡ್ಡಹೆಸರು, ತಾಯಿಯ ತವರು, ಅಕ್ಕನನ್ನು ಕೊಟ್ಟ ಊರು, ಹೀಗೆ ಕೇಳುತ್ತ ಹೋದರೆ ಎಲ್ಲೋ ಒಂದು ಕಡೆ ಎಳೆ ಸಿಕ್ಕೇ ಸಿಗುತ್ತದೆ. ಸಿಕ್ಕಮೇಲೆ ಅವರು ಹೊರಗಿನವರಲ್ಲ, ಚಹಾ ಕುಡಿಯದೆ ಹೋಗುವಂತಿಲ್ಲ. ಯಾರ ಪೈಕಿ ಅಂದರೆ ಯಾವ ಜಾತಿ ಅಂತಲೂ ಆಗುತ್ತದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೇಳುತ್ತೇವೆ, ಅದನ್ನು ಅಕ್ಕರೆ ಅಂದುಕೊಂಡಿದ್ದೇವೆ.

ನಾನು ಕೆಲಸ ಮಾಡುವುದು ಮನೆಯಿಂದ ಎರಡು ಸ್ಟಾಪ್ ದೂರದ ಒಂದು ಶೆಡ್ಡಿನಲ್ಲಿ. ಅಂಗಡಿಗಳಿಗೆ ಹೋಗುವ ಚಪಾತಿ, ಸಮೋಸ ಅಲ್ಲಿ ತಯಾರಾಗುತ್ತವೆ. ಮಷಿನ್ನಿನಿಂದ ಬರುವ ಚಪಾತಿಯನ್ನು ಹತ್ತರಂತೆ ಜೋಡಿಸಿ ಟ್ರೇಗೆ ಇಡುವುದು ನಮ್ಮ ಟೇಬಲ್ಲಿನ ಕೆಲಸ. ನನ್ನ ಎದುರಿಗೆ ವಿಜಯಪುರದ ಒಬ್ಬ ಹಿರಿಯರು. ಶೆಡ್ಡಿನ ಕನ್ನಡದವರೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತೇವೆ. ನನ್ನ ಪಕ್ಕದ ಜಾಗ ಖಾಲಿಯಾದಾಗ ಸೂಪರ್‌ವೈಸರ್ ಅವಳನ್ನು ತಂದು ನಿಲ್ಲಿಸಿದ.

ಎತ್ತರದ ಹೆಂಗಸು, ಮೂವತ್ತರ ಮೇಲೆ. ಕೈ ಚುರುಕು, ಮಾತು ಇಲ್ಲ. ಮೊದಲ ದಿನದ ಬ್ರೇಕಿನಲ್ಲೇ ನಾನು ಎದುರಿಗೆ ಕೂತು ನನಗೆ ಬರುವ ಇಂಗ್ಲಿಷಿನಲ್ಲಿ ಶುರುಮಾಡಿದೆ. ಯಾವ ದೇಶ ಎಂದೆ, ಹೇಳಿದಳು. ಯಾವ ಊರು ಎಂದೆ.

"ರಾಜಧಾನಿ."

"ಅದು ಎಲ್ಲರೂ ಹೇಳುವುದು. ನಿಮ್ಮಪ್ಪನ ಊರು ಯಾವುದು? ನೀವು ಯಾರ ಮನೆತನ?"

ಅವಳು ನನ್ನ ಮುಖ ನೋಡಿದಳು. ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನು ಪೇಪರಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಎದ್ದು ಹೋದಳು. ಮಾರನೆಯ ದಿನದಿಂದ ನಮ್ಮ ಬ್ರೇಕಿಗೆ ಬರಲೇ ಇಲ್ಲ. ಸೂಪರ್‌ವೈಸರನ್ನು ಕೇಳಿ ತನ್ನ ಸಮಯವನ್ನು ಅರ್ಧ ಗಂಟೆ ಮುಂದೆ ಹಾಕಿಸಿಕೊಂಡಿದ್ದಳು.

ನನಗೆ ಮೈಯೆಲ್ಲ ಉರಿಯಿತು. ನಾನೇನು ಕೇಳಬಾರದ್ದು ಕೇಳಿದ್ದೆ? ವೈನಿ ಚಪಾತಿ ಎಣಿಸುತ್ತಲೇ ಅಂದರು, "ಏನರೆ ಮುಚ್ಚಿಟ್ಟಿರ್ತಾಳ ಬಿಡವಾ. ಊರ್ ಹೇಳ್ಲಿಕ್ಕೆ ಅಂಜೋರು ಯಾರು? ಊರಾಗ ಏನರೆ ಮಾಡಿ ಬಂದೋರು."

ಅಲ್ಲಿಂದ ನಾವಿಬ್ಬರೂ ಅವಳನ್ನು ನೋಡತೊಡಗಿದೆವು. ನೋಡಿದರೆ ಎಲ್ಲವೂ ಅನುಮಾನದ್ದೇ. ಅವಳ ಹತ್ತಿರ ಎರಡು ಫೋನು. ಕೂತರೆ ಬಾಗಿಲಿನ ಕಡೆ ಮುಖ ಮಾಡಿಯೇ ಕೂರುವುದು. ಕ್ರಿಸ್‌ಮಸ್ಸಿಗೆ ಎಲ್ಲರೂ ಫೋಟೋಗೆ ನಿಂತಾಗ ಅವಳು ಟಾಯ್ಲೆಟ್ಟಿನಲ್ಲಿ. ಪೋಲಿಷ್ ಹುಡುಗಿಗೆ ಒಂದು ಊರು ಹೇಳಿದ್ದಳು, ಕ್ಲೀನಿಂಗಿನವಳಿಗೆ ಇನ್ನೊಂದು. ಸಾಯಂಕಾಲ ಒಂದು ದಿನ ಒಂದು ಬಸ್ಸು, ಮರುದಿನ ಬೇರೆ ಬಸ್ಸು. ನಾನು ಒಮ್ಮೆ ಬೇಕೆಂದೇ ಅವಳ ಹಿಂದೆ ಬಸ್ ಸ್ಟಾಪಿನ ತನಕ ಹೋದೆ. ಅವಳು ಬಂದ ಬಸ್ಸು ಬಿಟ್ಟು, ನನ್ನನ್ನು ಹತ್ತಲು ಬಿಟ್ಟು, ತಾನು ಸ್ಟಾಪಿನಲ್ಲೇ ನಿಂತಳು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಅವಳೂ ನೋಡುತ್ತಿದ್ದಳು. ಹೇಳಲು ನಾಚಿಕೆಯಾಗುತ್ತದೆ, ಆದರೆ ಅವತ್ತು ಮನೆಗೆ ಬಂದು ಮಗಳಿಗೆ ಇದನ್ನೆಲ್ಲ ದೊಡ್ಡ ಸುದ್ದಿಯ ಹಾಗೆ ಹೇಳಿದೆ.

ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಮಮ್ಮಿ, ಯೂ ಆರ್ ದ ಕ್ರೀಪಿ ಒನ್," ಎಂದಳು.

ಮಾತು ಮತ್ತೆ ಶುರುವಾದದ್ದು ಹಬೆಯಿಂದ. ಫೆಬ್ರವರಿಯಲ್ಲಿ ಮಷಿನ್ನಿನ ಹಬೆ ನನ್ನ ಮಣಿಕಟ್ಟಿಗೆ ಬಡಿದು ಚರ್ಮ ಎದ್ದಿತು. ವೈನಿ ರಜದಲ್ಲಿದ್ದರು. ಅವಳೇ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಕಾಲು ಗಂಟೆ ಬಿಡದೆ ನಿಂತಳು. ನಾನು ನೋವಿಗೆ ಅವ್ವಾ ಎನ್ನುತ್ತಿದ್ದೆ. ಅವಳು ಕೇಳಿದಳು, "ನಿಮಗೆ ನನ್ನ ಊರು ಯಾಕೆ ಬೇಕಿತ್ತು?"

ನಾನು ಇದ್ದದ್ದನ್ನು ಹೇಳಿದೆ. "ಏನೂ ಇಲ್ಲ. ನಾವು ಹಾಗೆಯೇ ಕೇಳುವುದು. ಊರು ಗೊತ್ತಿದ್ದರೆ, ನಾಳೆ ನಿಮಗೇನಾದರೂ ಆದರೆ ಯಾರಿಗೆ ಸುದ್ದಿ ಮುಟ್ಟಿಸಬೇಕು ಅಂತ ತಿಳಿಯುತ್ತದೆ."

ಅವಳು ನಕ್ಕಳು. ನಾಲ್ಕು ತಿಂಗಳಲ್ಲಿ ನಾನು ನೋಡಿದ ಮೊದಲ ನಗು. "ನಮ್ಮಲ್ಲಿ ರಸ್ತೆಗೆ ಹಗ್ಗ ಕಟ್ಟಿ ನಿಂತವರು ಕೇಳುತ್ತಿದ್ದದ್ದೂ ಅದನ್ನೇ. ಯಾವ ಊರು? ಯಾರ ಮಗಳು? ಅವೇ ಎರಡು ಪ್ರಶ್ನೆ, ಅದೇ ಕ್ರಮದಲ್ಲಿ."

ನನ್ನ ಕೈ ನೀರಿನ ಕೆಳಗೇ ಇತ್ತು.

ಆಮೇಲೆ ಅವಳು ತನ್ನ ಬ್ರೇಕನ್ನು ಮತ್ತೆ ನಮ್ಮ ಹೊತ್ತಿಗೆ ಬದಲಿಸಿಕೊಂಡಳು. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಆ ಯುದ್ಧವನ್ನು ನಾನು ಕೇಳಿದ್ದು ಹಾಗೆ. ಒಂದು ದಿನ ಟೇಬಲ್ಲಿನ ಮೇಲೆ ಉಳಿದ ಒಣಹಿಟ್ಟಿನಲ್ಲಿ ಬೆರಳಿನಿಂದ ಹೊಳೆ ಎಳೆದಳು. ಈ ದಡದ ಜನ, ಆ ದಡದ ಜನ. ಭಾಷೆ ಬೇರೆ, ದನ ಕಾಯುವ ಬಯಲು ಒಂದೇ. ಹಳೆಯ ದೇಶದಿಂದ ಬಿಡಿಸಿಕೊಳ್ಳಲು ಎರಡೂ ದಡದವರು ಕಾಡಿನಲ್ಲಿ ವರ್ಷಗಟ್ಟಲೆ ಒಟ್ಟಿಗೆ ಹೋರಾಡಿದ್ದರು, ನಡುನಡುವೆ ತಮ್ಮಲ್ಲೇ ಕಾದಾಡಿಯೂ ಇದ್ದರು. ಸ್ವಾತಂತ್ರ್ಯ ಬಂದಾಗ ಆ ದಡದವನು ಅಧ್ಯಕ್ಷನಾದ, ಈ ದಡದವನು ಉಪಾಧ್ಯಕ್ಷ. ಅವಳ ಅಪ್ಪ ಈ ದಡದ ಸೈನ್ಯದಲ್ಲಿ ಅಧಿಕಾರಿ.

"ಬಾವುಟ ಒಂದೇ ಆಯಿತು," ಎಂದಳು, "ಸೈನ್ಯ ಒಂದಾಗಲಿಲ್ಲ. ಸಮವಸ್ತ್ರ ಒಂದೇ ಬಣ್ಣದ್ದು ಹೊಲಿಸಿದರು, ಅಷ್ಟೇ. ಒಳಗೆ ಪ್ರತಿಯೊಬ್ಬ ಸೈನಿಕನೂ ತನ್ನ ಊರಿನ ಕಮಾಂಡರನ ಮಾತನ್ನೇ ಕೇಳುತ್ತಿದ್ದ."

ನೆಲದಡಿಯ ಎಣ್ಣೆಯ ಮಾತು ಬಂತು, ಯಾರ ಭಾವನಿಗೆ ಯಾವ ಖಾತೆ ಎಂಬ ಮಾತು ಬಂತು. ಅಧ್ಯಕ್ಷ ಉಪಾಧ್ಯಕ್ಷನನ್ನು ತೆಗೆದುಹಾಕಿದ. ಒಂದು ಸಾಯಂಕಾಲ ರಾಜಧಾನಿಯ ಬ್ಯಾರಕ್ಕಿನಲ್ಲಿ ಸುದ್ದಿ ಹಬ್ಬಿತು: ಈ ದಡದವರ ಬಂದೂಕು ಕಸಿದುಕೊಳ್ಳುತ್ತಾರಂತೆ. ಅದೇ ಹೊತ್ತಿಗೆ ಆ ಕಡೆ ಇನ್ನೊಂದು ಸುದ್ದಿ: ಈ ದಡದವರು ಮದ್ದುಗುಂಡಿನ ಉಗ್ರಾಣದ ಬೀಗ ಒಡೆದಿದ್ದಾರಂತೆ.

"ನಿಜವಾಗಿ ಏನಾಗಿತ್ತು?" ಎಂದೆ.

"ಮೊದಲು ಏನೂ ಆಗಿರಲಿಲ್ಲ ಅನ್ನುತ್ತಾರೆ. ಅವನು ಹೊಡೆಯುವ ಮುಂಚೆ ನಾನು ಹೊಡೆಯಬೇಕು ಅಂತ ಇಬ್ಬರಿಗೂ ಅನಿಸಿತು. ಬೆಳಗಾಗುವಷ್ಟರಲ್ಲಿ ಬೀದಿಬೀದಿಯಲ್ಲಿ ಹಗ್ಗ ಕಟ್ಟಿದ್ದರು."

ರಾಜಧಾನಿಯಲ್ಲಿ ಆದದ್ದಕ್ಕೆ ಸೇಡು ಈ ದಡದ ಊರುಗಳಲ್ಲಿ ತೀರಿತು. ಒಂದೊಂದು ಊರು ಅವರ ಕೈಯಿಂದ ಇವರ ಕೈಗೆ, ಇವರಿಂದ ಅವರಿಗೆ. ಒಪ್ಪಂದವಾಗಿ ಇಬ್ಬರೂ ನಾಯಕರು ತಮ್ಮತಮ್ಮ ಕಾವಲಿನವರನ್ನು ಕಟ್ಟಿಕೊಂಡು ಒಂದೇ ಊರಿಗೆ ಬಂದು ಕೂತರು, ಕೂತಲ್ಲೇ ಮತ್ತೆ ಹತ್ತಿಕೊಂಡಿತು. ಆಮೇಲೆ ಪಕ್ಷಗಳೇ ಒಡೆದು ಚೂರಾದವು. "ಈಗ ಜೊತೆಗೆ ನಿಂತು ಹೊಡೆದಾಡುವವನನ್ನೂ ಯಾರ ಕಡೆ ಅಂತ ಕೇಳಿಕೊಳ್ಳಬೇಕು," ಎಂದಳು.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಉಳಿದದ್ದನ್ನೂ ಹೇಳಿದಳು. ಅವಳ ತಂಗಿ ಇನ್ನೂ ಅಲ್ಲೇ ಇದ್ದಾಳೆ. ಆ ದಡದವರ ಕೈಯಲ್ಲಿರುವ ಒಂದು ಊರಿನಲ್ಲಿ, ಬಟ್ಟೆ ಹೊಲಿಯುವ ಒಬ್ಬ ಮುದುಕಿಯ ಮಗಳು ಎಂದು ಹೇಳಿಕೊಂಡು, ಮೂರು ವರ್ಷದಿಂದ. ಅವರಪ್ಪ ಯಾರೆಂದು ಅಲ್ಲಿ ತಿಳಿದರೆ ಅವಳನ್ನು ಉಳಿಸುವುದಿಲ್ಲ. ಭಾನುವಾರ ಮಧ್ಯಾಹ್ನ ಮೂರಕ್ಕೆ ಮಾತ್ರ ಅವಳಿಗೆ ಫೋನು ಸಿಗುತ್ತದೆ. ಹಿಟ್ಟಿನಲ್ಲಿ ಮತ್ತೆ ಹೊಳೆ ಎಳೆದು, ತನ್ನ ಊರಿಗೆ ಒಂದು ಚುಕ್ಕೆ, ತಂಗಿ ಇರುವ ಊರಿಗೆ ಒಂದು ಚುಕ್ಕೆ ಇಟ್ಟು, ಎರಡರ ಹೆಸರನ್ನೂ ಹೇಳಿದಳು. ಎದುರು ದಡದಲ್ಲಿ ನಾಲ್ಕಾರು ಊರುಗಳ ಹೆಸರು ಹೇಳಿ, "ಈ ಊರುಗಳವರು ಮಾತ್ರ ನಮ್ಮನ್ನು ಮರೆಯುವುದಿಲ್ಲ, ನಮ್ಮಪ್ಪ ಅಲ್ಲಿ ಯುದ್ಧ ಮಾಡಿದ್ದ," ಎಂದಳು.

"ಇದು ಮೂವರಿಗೆ ಮಾತ್ರ ಗೊತ್ತು. ನೀವು ನಾಲ್ಕನೆಯವರು."

ಬಟ್ಟೆಯಿಂದ ಹಿಟ್ಟು ಒರೆಸಿದಳು. ನನಗೆ ಯಾಕೆ ಹೇಳಿದಳು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಯಾರಿಗಾದರೂ ಹೇಳಿಕೊಳ್ಳದೆ ಅವಳಿಗೆ ತಡೆಯಲಾಗಲಿಲ್ಲ, ಕೇಳುತ್ತ ಕೂತಿದ್ದವಳು ನಾನು. ನನಗಂತೂ ಅವತ್ತು ಹೆಮ್ಮೆಯಾಗಿತ್ತು, ಕೊನೆಗೂ ಊರು ಹೇಳಿಸಿದೆ ಎಂದು. ಅದನ್ನೂ ಬರೆಯಲೇಬೇಕು.

ಜೂನಿನಲ್ಲಿ ವ್ಯಾನಿಗೆ ಹೊಸ ಡ್ರೈವರ್ ಬಂದ. ಬೆಳಗಿನ ಟ್ರೇಗಳನ್ನು ವೆಂಬ್ಲಿ ಕಡೆಯ ಅಂಗಡಿಗಳಿಗೆ ಒಯ್ಯುವವನು. ಅವನೂ ಅದೇ ದೇಶದವನು. ಅವಳಿಗೆ ಪೂರಾ ಉಲ್ಟಾ: ನಗುಮುಖ, ಬಾಯಿತುಂಬ ಮಾತು, ನನ್ನನ್ನು ಸಿಸ್ಟರ್ ಎನ್ನುತ್ತಿದ್ದ. ನಾನು ಮನೆಯಿಂದ ತಂದ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯನ್ನು ಲೋಡಿಂಗ್ ಬಾಗಿಲಲ್ಲೇ ನಿಂತು ತಿಂದ. ಯಾವ ಊರಪ್ಪ ಎಂದೆ. ತಟ್ಟನೆ ಹೇಳಿದ. ಹೇಳಿ, "ಸಿಸ್ಟರ್, ಎಲ್ಲರಿಗೂ ಹೇಳಬೇಡಿ," ಎಂದು ನಕ್ಕ.

ಆ ಹೆಸರು ಎಲ್ಲೋ ಕೇಳಿದ್ದು ಅನ್ನಿಸಿತು, ಎಲ್ಲಿ ಅಂತ ಹೊಳೆಯಲಿಲ್ಲ. ಅವನು ಯುದ್ಧದ ಮಾತೂ ಆಡಿದ. ಅದೇ ಬ್ಯಾರಕ್ಕು, ಅದೇ ಸಾಯಂಕಾಲ. ಬೀಗ ಒಡೆದದ್ದು ಮಾತ್ರ ನಿಜ, ತನ್ನ ಚಿಕ್ಕಪ್ಪ ಕಣ್ಣಾರೆ ಕಂಡಿದ್ದ ಎಂದ. ಅವನ ಮನೆಯವರನ್ನೂ ಹಗ್ಗದ ಹತ್ತಿರ ನಿಲ್ಲಿಸಿದ್ದರು. ಹಗ್ಗ ಹಿಡಿದವರು ಮಾತ್ರ ಬೇರೆ. ಆಮೇಲೆ ರೊಟ್ಟಿ ಮುರಿಯುತ್ತ ಕೇಳಿದ, "ಇಲ್ಲಿ ನಮ್ಮ ದೇಶದವರು ಬೇರೆ ಯಾರಾದರೂ ಇದ್ದಾರಾ?"

ಈ ಜಾಗದಲ್ಲಿ ನಮ್ಮ ಕಡೆಯ ಯಾವ ಹೆಂಗಸನ್ನು ನಿಲ್ಲಿಸಿದರೂ ಅದೇ ಮಾಡುತ್ತಿದ್ದಳೋ ಏನೋ, ನಾನಂತೂ ಮಾಡಿದೆ. ಪರದೇಶದಲ್ಲಿ ಇಬ್ಬರು ಒಂದೇ ಕಡೆಯವರು ಸಿಕ್ಕರೆ ಗಂಟು ಹಾಕುವವರೆಗೆ ನಮಗೆ ಸಮಾಧಾನವಿಲ್ಲ. ಇದ್ದಾಳಲ್ಲ, ನನ್ನ ಟೇಬಲ್ಲಿನವಳೇ, ಎಂದೆ. ಅವಳ ಊರು ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಮಾತು. "ಪಾಪ, ತಂಗಿ ಇನ್ನೂ ಅಲ್ಲೇ ಸಿಕ್ಕಿಕೊಂಡಿದ್ದಾಳೆ," ಎಂದು ಆ ಊರಿನ ಹೆಸರನ್ನೂ ಹೇಳಿದೆ.

ಅವನು ಅಗಿಯುವುದನ್ನು ನಿಲ್ಲಿಸಿದ. "ಯಾವ ಊರು ಅಂದಿರಿ?"

ನಾನು ಎರಡನೆಯ ಸಲವೂ ಹೇಳಿದೆ. ಅವನು ಆ ಹೆಸರನ್ನು ನಿಧಾನವಾಗಿ, ತನ್ನ ಉಚ್ಚಾರದಲ್ಲಿ, ಸರಿಯಾಗಿ ಹೇಳಿದ. ಉಳಿದ ರೊಟ್ಟಿಯನ್ನು ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ವ್ಯಾನ್ ಹತ್ತಿದ. ಟೇಬಲ್ಲಿಗೆ ಬಂದು ಹಿಟ್ಟಿನ ಮೇಲೆ ಕೈ ಇಟ್ಟಾಗ ನೆನಪಾಯಿತು: ಅವನ ಊರು ಎದುರು ದಡದ್ದು, ನಮ್ಮನ್ನು ಮರೆಯುವುದಿಲ್ಲ ಎಂದು ಅವಳು ಹೇಳಿದ್ದ ಊರುಗಳಲ್ಲಿ ಒಂದು.

ಮಾರನೆಯ ದಿನ ಗುರುವಾರ. ಅವಳು ಚಪಾತಿ ಜೋಡಿಸುತ್ತ, ತಲೆ ಎತ್ತದೆ ಕೇಳಿದಳು, "ಹೊಸ ಡ್ರೈವರ್ ನನ್ನನ್ನು ನೋಡುತ್ತಾನೆ. ನೀವು ಅವನಿಗೆ ಏನಾದರೂ ಹೇಳಿದಿರಾ?"

"ಇಲ್ಲ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಇಲ್ಲ. ಊರು ಹೇಳುವಾಗ ಇಷ್ಟುದ್ದ ಬೆಳೆದ ನಾಲಿಗೆ ಇಲ್ಲಿ ಒಂದೇ ಮಾತಿಗೆ ಮುಗಿಸಿತು. ಅವಳು ಮತ್ತೆ ಕೇಳಲಿಲ್ಲ. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಅವತ್ತಿನಿಂದ ನಾನು ಅವನ ಮೇಲೆ ಕಣ್ಣಿಡತೊಡಗಿದೆ. ಅವನು ವ್ಯಾನಿನ ಹಿಂದೆ ನಿಂತು ಫೋನಿನಲ್ಲಿ ಮಾತಾಡಿದರೆ ನಾನು ಟ್ರೇ ನೆಪ ಮಾಡಿ ಬಾಗಿಲ ಹತ್ತಿರ ಹೋಗುತ್ತಿದ್ದೆ. ತನ್ನ ಭಾಷೆಯಲ್ಲಿ ಪಿಸುಗುಡುತ್ತಿದ್ದ, ನಡುವೆ ಆ ಊರಿನ ಹೆಸರು ಬಂತೇ ಎಂದು ಕಿವಿ ಕೊಟ್ಟರೆ ಮಷಿನ್ನಿನ ಸದ್ದು. ಈಗ ನಗುತ್ತಿರಲಿಲ್ಲ. ನನ್ನ ರೊಟ್ಟಿ ಬೇಡವೆಂದ. ಅವನ ಹಿಂದಿನ ನಗುವೆಲ್ಲ ನನ್ನ ಬಾಯಿ ಬಿಡಿಸಲು ಹೂಡಿದ ಆಟ ಅನ್ನಿಸಿತು. ವೈನಿಗೆ ಹೇಳಿದೆ.

"ನಂಗ ಕೇಳಿದ್ರ, ನೀ ಸುಮ್ನ ಇದ್ದುಬಿಡು," ಎಂದರು. "ಆಗಿದ್ದು ಆಗಿ ಹೋತು. ಹೇಳಿದಿ ಅಂತ ಅಕಿಗೆ ಗೊತ್ತಾದ್ರ ಜನ್ಮದಾಗ ನಿನ್ನ ಮಾರಿ ನೋಡಂಗಿಲ್ಲ."

"ತಂಗಿ ಜೀವದ ಮಾತು ವೈನಿ."

"ಅಂವ ಅಂಥಾಂವ ಅಂತ ಏನ್ ಗ್ಯಾರಂಟಿ? ಚೊಲೋ ಹುಡುಗನೂ ಇರಬಹುದು. ಸುಳ್ಳ ಹುಯಿಲೆಬ್ಬಿಸಿ, ಅಕಿ ತಂಗಿನ್ನ ಕುಂತ ಜಾಗಾದಿಂದ ಎಬ್ಬಿಸಿದ್ರ ಅದೂ ಪಾಪನ."

ವೈನಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನ್ನನ್ನು ಇನ್ನೂ ಕಂಗಾಲು ಮಾಡಿತು. ಹೇಳಿದರೆ ಆ ಹುಡುಗಿ ಇದ್ದ ಆಸರೆ ಬಿಟ್ಟು ರಸ್ತೆಗೆ ಬೀಳಬೇಕು. ಹೇಳದಿದ್ದರೆ, ಅವನು ಅಂಥವನೇ ಆಗಿದ್ದರೆ, ಆಸರೆಯಲ್ಲೇ ಸಿಕ್ಕಿಬೀಳುತ್ತಾಳೆ. ಹೇಗೂ ಭಾನುವಾರದ ತನಕ ಫೋನು ಸಿಗುವುದಿಲ್ಲವಲ್ಲ ಎಂದು ನೆಪ ಹೇಳಿಕೊಂಡು ಶುಕ್ರವಾರವನ್ನೂ ಕಳೆದೆ.

ಶನಿವಾರ ಸ್ಟ್ಯಾನ್ಮೋರಿನಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ದೊಡ್ಡ ಮನೆ, ಡ್ರೈವಿನಲ್ಲಿ ಸಾಲಾಗಿ ಕಾರು, ಎಲ್ಲ ಕಡೆಯ ಕನ್ನಡದವರು. ಅಂಥ ಕಡೆ ನಮ್ಮ ಬಾಯಲ್ಲೂ ಬೆಂಗಳೂರಿನ ಕನ್ನಡವೇ ಬಂದುಬಿಡುತ್ತದೆ. ಮನೆಯ ಯಜಮಾನಿ ನನ್ನ ತಟ್ಟೆಗೆ ಕೋಸಂಬರಿ ಬಡಿಸುತ್ತ ಕೇಳಿದರು, "ನಿಮ್ಮದು ಎಲ್ಲಿ ಅಂದ್ರಿ? ಧಾರವಾಡಾನಾ? ನಮ್ಮ ಯಜಮಾನರ ಫ್ರೆಂಡ್ಸ್ ತುಂಬಾ ಜನ ಇದ್ದಾರೆ ಅಲ್ಲಿ. ಅಲ್ಲಿ ನೀವು ಯಾವ ಕಡೆಯವರು?"

ನಾನು ಊರು ಹೇಳಿದೆ.

"ಅಲ್ಲ, ಅಂದ್ರೆ... ನೀವು ವೆಜ್ಜಾ?"

ನಾವು ಕೇಳುವುದನ್ನು ನೇರವಾಗಿ ಕೇಳುತ್ತೇವೆ, ಅವರು ಬಳಸಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ನಾನು ಉತ್ತರ ಕೊಟ್ಟೆ. ಯಾರ ಪೈಕಿ ಎಂದು ಇಲ್ಲೂ ಬರೆಯುವುದಿಲ್ಲ. ಅವರು ನಗುತ್ತಲೇ ಇದ್ದರು, "ಹೌದಾ, ವೆರಿ ನೈಸ್," ಎಂದರು. ಬಡಿಸುವ ಸೌಟು ಮಾತ್ರ ನನ್ನ ತಟ್ಟೆಯಿಂದ ಒಂದು ಗೇಣು ಮೇಲೆ ಹೋಯಿತು. ನಾನು ಮಾಡಿಕೊಂಡು ಹೋಗಿದ್ದ ನಮ್ಮ ಕಡೆಯ ಸಿಹಿ, ಗುಳ್ಳಡಿಕಿ ಉಂಡಿಯ ಡಬ್ಬಿ ಕೊನೆಯ ತನಕ ಅಡುಗೆಮನೆಯ ಕಟ್ಟೆಯ ಮೇಲೆ, ಮುಚ್ಚಳ ತೆಗೆಯದೆ ಇತ್ತು. ಅಲ್ಲಿ ಹಗ್ಗ ಇರಲಿಲ್ಲ, ಬಂದೂಕು ಇರಲಿಲ್ಲ, ಎದುರಿಗೆ ಹೋಳಿಗೆ ಇತ್ತು. ಆದರೂ ಆ ಪ್ರಶ್ನೆ ಕೇಳಿದಾಗ ಬೆನ್ನು ಹೇಗೆ ಬಿಗಿಯುತ್ತದೆ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಕೇಳುವವಳು ನಾನು. ತಟ್ಟೆ ಕೆಳಗಿಟ್ಟು ಮಗಳಿಗೆ ಹೋಗೋಣ ಎಂದೆ.

ಭಾನುವಾರ ಎರಡು ಗಂಟೆಗೆ ವೆಂಬ್ಲಿಗೆ ಹೋದೆ. ಈಲಿಂಗ್ ರೋಡಿನ ಸೀರೆ ಅಂಗಡಿಗಳ ಹಿಂದಿನ ಬೀದಿಯಲ್ಲಿ ಒಂದು ಮನೆಯ ಮೇಲಿನ ಕೋಣೆ ಅವಳದು. ಒಮ್ಮೆ ಔಷಧಿ ಕೊಡಲು ಬಂದಿದ್ದೆ. ಬಾಗಿಲು ತೆರೆದವಳು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದಳು. ಹಾಸಿಗೆಯ ಮೇಲೆ ಎರಡೂ ಫೋನುಗಳನ್ನು ಚಾರ್ಜಿಗೆ ಹಾಕಿ ಇಟ್ಟಿದ್ದಳು.

ನಿಂತೇ ಹೇಳಿದೆ. ಅವನ ಊರು, ನಾನು ಹೇಳಿದ್ದು, ಗುರುವಾರದ ಸುಳ್ಳು, ಎಲ್ಲ.

ಅವಳು ಕಿರುಚಲಿಲ್ಲ. ಕಿರುಚಿದ್ದರೆ ನನಗೆ ಹಗುರಾಗುತ್ತಿತ್ತು. "ನೀವು ಹೇಳಿದ್ದನ್ನು ಹೇಳಿದ ಹಾಗೆಯೇ ಇನ್ನೊಮ್ಮೆ ಹೇಳಿ," ಎಂದಳು. ಹೇಳಿದೆ. "ಅವನು ಊರಿನ ಹೆಸರನ್ನು ಎಷ್ಟು ಸಲ ಕೇಳಿದ?" ಒಮ್ಮೆ ಎಂದೆ. "ನನ್ನ ಅಪ್ಪನ ಹೆಸರು?" ಅದು ನನಗೆ ಗೊತ್ತಿರಲಿಲ್ಲ. "ದೇವರು ದೊಡ್ಡವನು," ಎಂದು ಮಂಚದ ಅಂಚಿಗೆ ಕೂತಳು. "ಆದರೆ ಊರು ಗೊತ್ತಾದರೆ ಅಪ್ಪ ಯಾರೆಂದು ಹುಡುಕಲು ಒಂದು ದಿನ ಸಾಕು."

ಅವನು ಅಂಥವನಲ್ಲದೆಯೂ ಇರಬಹುದು ಎಂದೆ. ಅವಳು ತಲೆಯಾಡಿಸಿದಳು. "ಇರಬಹುದು. ನಮ್ಮ ಯುದ್ಧದಲ್ಲಿ ಸತ್ತವರಲ್ಲಿ ಅರ್ಧ ಜನ 'ಇರಬಹುದು' ಎಂದು ಕಾದವರು. ಇನ್ನರ್ಧ, ಕಾಯದೆ ಹೊರಟವರು."

ಮೂರಕ್ಕೆ ಫೋನು ಬಂತು. ಅವಳು ಗೋಡೆಗೆ ಮುಖ ಮಾಡಿ ಮಾತಾಡಿದಳು. ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಆ ಕಡೆಯ ದನಿ ಚಿಕ್ಕದು, ಮೊದಲು ನಗುತ್ತಿತ್ತು, ಆಮೇಲೆ ಪ್ರಶ್ನೆ ಕೇಳಿತು, ಆಮೇಲೆ ಅತ್ತಿತು. ಇವಳು ಅಳಲಿಲ್ಲ. ಒಂದೇ ವಾಕ್ಯವನ್ನು ಮೂರು ಸಲ ಹೇಳಿದಳು, ಹೊರಡು ಎಂದೇ ಇರಬೇಕು. ಫೋನಿಟ್ಟ ಮೇಲೆ, ತಿರುಗದೆ, "ಈಗ ನೀವು ಮನೆಗೆ ಹೋಗಿ," ಎಂದಳು.

ಸೋಮವಾರ ಬೆಳಿಗ್ಗೆ ಲೋಡಿಂಗ್ ಬಾಗಿಲಲ್ಲಿ ಡ್ರೈವರ್ ನನ್ನನ್ನು ತಡೆದ. ಮುಖ ಬೂದಿಯಾಗಿತ್ತು. "ಸಿಸ್ಟರ್, ಅವಳಿಗೆ ನನ್ನ ಊರು ಹೇಳಿದಿರಾ?"

ನನ್ನ ಮುಖವೇ ಹೇಳಿರಬೇಕು.

"ನಾನು ನಮ್ಮವರ ಸೈನ್ಯ ಬಿಟ್ಟು ಓಡಿ ಬಂದವನು," ಎಂದ. "ನಮ್ಮವರಿಗೆ ಗೊತ್ತಾದರೆ ನನ್ನ ತಾಯಿಯ ಮನೆ ಉಳಿಯುವುದಿಲ್ಲ. ಅವಳ ಕಡೆಯವರಿಗೆ ಗೊತ್ತಾದರೆ ನಾನೇ ಉಳಿಯುವುದಿಲ್ಲ. ಅವಳು ಇಲ್ಲಿದ್ದಾಳೆ ಅಂತ ನೀವು ಹೇಳಿದ ದಿನದಿಂದ ನಾನು ನಿದ್ದೆ ಮಾಡಿಲ್ಲ."

"ಹಾಗಾದರೆ ಆ ಊರಿನ ಹೆಸರು ಯಾಕೆ ಮತ್ತೆ ಕೇಳಿದೆ?"

"ಆ ಊರಿನಲ್ಲಿ ನಾನು ಒಂದು ವರ್ಷ ಇದ್ದೆ. ಅವಳ ತಂಗಿ ಅಲ್ಲಿ ನನ್ನನ್ನು ನೋಡಿರಬಹುದೇ ಅಂತ ಯೋಚಿಸಿದೆ. ಅಷ್ಟೇ."

ಅವತ್ತಿನ ಟ್ರೇಗಳನ್ನು ಮುಟ್ಟಿಸಿ ಬಂದು, ವ್ಯಾನಿನ ಕೀಲಿಯನ್ನು ಸೂಪರ್‌ವೈಸರನ ಮೇಜಿನ ಮೇಲಿಟ್ಟು ಹೋದ. ಮತ್ತೆ ಬರಲಿಲ್ಲ. ಅವನು ಹೇಳಿದ್ದು ನಿಜವೋ, ಇಲ್ಲ ಅದೂ ಒಂದು ಆಟವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಂಬಬೇಕು ಅನ್ನಿಸುತ್ತದೆ. ನಂಬಿದರೆ, ಆ ಹುಡುಗಿಯನ್ನು ಇದ್ದ ಆಸರೆಯಿಂದ ಸುಮ್ಮಸುಮ್ಮನೆ ಎಬ್ಬಿಸಿದವಳು ನಾನು ಎಂದಾಗುತ್ತದೆ. ಅದಕ್ಕೇ ಒಂದೊಂದು ದಿನ ಅವನನ್ನು ಸುಳ್ಳುಗಾರ ಎಂದುಕೊಳ್ಳುವುದು ನನಗೆ ಬೇಕಾಗುತ್ತದೆ.

ಅವನು ಹೇಳಿದ್ದನ್ನು ಅವಳಿಗೆ ಹೇಳಿದೆ. "ಹೌದಾ," ಎಂದಳು. ತಂಗಿಯನ್ನು ವಾಪಸು ಕರೆಸುವ ಹಾಗಿರಲಿಲ್ಲ. ಹೊರಟವಳ ಕೈಯಲ್ಲಿ ಫೋನಿರಲಿಲ್ಲ.

ಒಂದು ಭಾನುವಾರ ಕಳೆಯಿತು. ಎರಡನೆಯದೂ ಕಳೆಯಿತು. ಅವಳು ದಿನಾ ಬಂದು ನನ್ನ ಪಕ್ಕದಲ್ಲೇ ನಿಂತು ಹತ್ತು ಹತ್ತು ಚಪಾತಿ ಜೋಡಿಸಿದಳು. ಬೈಯಲಿಲ್ಲ, ಮಾತೂ ಆಡಲಿಲ್ಲ. ನಾನು ತಪ್ಪು ಎಣಿಸಿದರೆ ಸರಿಮಾಡುತ್ತಿದ್ದಳು. ಮನೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಮಗಳು ಒಂದು ದಿನ ಪಕ್ಕಕ್ಕೆ ಬಂದು ಕೂತು, ಅವಳಿಗೆ ಬರುವ ಮುರುಕು ಕನ್ನಡದಲ್ಲಿ, "ಮಮ್ಮಿ, ನೀ ಊಟಾ ಮಾಡು," ಎಂದಳು. ನನಗೆ ಅಳು ಬಂತು. ಮೂರನೆಯ ಭಾನುವಾರ ದೇವರ ಮುಂದೆ ಕೂತು, ಆ ಹುಡುಗಿಯ ಹೆಸರೂ ಗೊತ್ತಿಲ್ಲದೆ, ಅವಳನ್ನು ಕಾಯಪ್ಪ ಎಂದು ಬೇಡಿಕೊಂಡೆ.

ಮರುದಿನ ನಾನು ಕೈಗವಸು ಹಾಕಿಕೊಳ್ಳುತ್ತಿದ್ದಾಗ ಅವಳು ಬಂದು ನನ್ನ ಎದುರಿಗೆ ನಿಂತಳು. ವೈನಿ ಕೆಲಸ ನಿಲ್ಲಿಸಿದರು.

"ಗಡಿ ದಾಟಿದ್ದಾಳೆ," ಎಂದಳು. "ಹತ್ತೊಂಬತ್ತು ದಿನ ನಡೆದಿದ್ದಾಳೆ. ಪಾದ ಒಡೆದುಹೋಗಿದೆ, ಜೀವ ಇದೆ. ನಿಮಗೆ ಹೇಳಬೇಕು ಅನ್ನಿಸಿತು."

ಹೇಳಬೇಕು ಅನ್ನಿಸಿತಲ್ಲ ಅವಳಿಗೆ, ಇಷ್ಟೆಲ್ಲ ಆದಮೇಲೂ. ನನ್ನ ಕಣ್ಣಿನಿಂದ ದಳದಳ ನೀರು ಇಳಿಯಿತು. ಅವಳ ಎರಡೂ ಕೈ ಹಿಡಿದುಕೊಂಡೆ. ಅವಳೂ ಹಿಡಿದಳು, ನಲ್ಲಿಯ ಕೆಳಗೆ ಹಿಡಿದಿದ್ದ ಹಾಗೆಯೇ. ನನ್ನ ಎದೆ ತುಂಬಿ ಬಂದು ಬಾಯಿ ತಾನಾಗಿ ತೆರೆಯಿತು.

"ಈಗ ಯಾವ ಊರಲ್ಲಿದ್ದಾಳೆ?" ಎಂದೆ.

ಕೇಳಿ ಮುಗಿದ ಮೇಲೆಯೇ ಏನು ಕೇಳಿದೆ ಎಂಬುದು ನನಗೆ ತಿಳಿದದ್ದು. ಅವಳು ನನ್ನ ಮುಖವನ್ನು, ಮೊದಲ ದಿನ ನೋಡಿದ್ದ ಹಾಗೆ, ಸ್ವಲ್ಪ ಹೊತ್ತು ನೋಡಿದಳು. ಮೆಲ್ಲಗೆ ಕೈ ಬಿಡಿಸಿಕೊಂಡಳು. ತಲೆಯ ಬಲೆಯನ್ನು ಕಿವಿಯ ಮೇಲೆ ಎಳೆದುಕೊಂಡು, ತನ್ನ ಟ್ರೇ ಎತ್ತಿಕೊಂಡು, ಶೆಡ್ಡಿನ ಆ ತುದಿಯ ಟೇಬಲ್ಲಿಗೆ ಹೋಗಿ, ಬಾಗಿಲಿನ ಕಡೆ ಮುಖ ಮಾಡಿ ನಿಂತಳು.